ಗೋದಲಿ ಕಟ್ಟುವುದು ಹೇಗೆ: ಯಾವ ಗೊಂಬೆಗೆ ಯಾವ ವಚನ, ಎಲ್ಲಿ ಜಾಗ

ಕ್ರಿಸ್‌ಮಸ್ಸಿಗೆ ಯೇಸುವಿನ ಜನನದ ದೃಶ್ಯವನ್ನು ಗೊಂಬೆಗಳಲ್ಲಿ ಕಟ್ಟಿ ತೋರಿಸುವುದೇ ಗೋದಲಿ. ಅದಕ್ಕೆ ಅಂಗಡಿಯಿಂದ ತರುವ ಸೆಟ್ಟಿನಲ್ಲಿ ಸಾಧಾರಣವಾಗಿ ಹನ್ನೊಂದೋ ಹನ್ನೆರಡೋ ಗೊಂಬೆ ಇರುತ್ತವೆ. ಮರಿಯ, ಯೋಸೇಫ, ಬಾಲಯೇಸು, ಮೂವರು ಜೋಯಿಸರು (ನಕ್ಷತ್ರ ಕಂಡು ಕಾಣಿಕೆ ತಂದವರು), ಒಬ್ಬಿಬ್ಬರು ಕುರುಬರು, ಎತ್ತು, ಕತ್ತೆ, ಒಂದೆರಡು ಕುರಿ, ಮೇಲೆ ತೂಗುಹಾಕಲು ಒಬ್ಬ ದೇವದೂತ. ಡಿಸೆಂಬರ್ 23ರ ಸಂಜೆ ಪೆಟ್ಟಿಗೆ ಬಿಚ್ಚಿ ಎಲ್ಲರನ್ನೂ ಗುಡಿಸಲಿನ ಮುಂದೆ ಸಾಲಾಗಿ ನಿಲ್ಲಿಸಿದರೆ ಗೋದಲಿ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆದರೆ ಇವರೆಲ್ಲ ಒಂದೇ ರಾತ್ರಿ ಒಂದೇ ಸೂರಿನಡಿ ಸೇರಿದ್ದಾಗಿ ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಕುರುಬರು ಲೂಕನ ಸುವಾರ್ತೆಯವರು, ಜೋಯಿಸರು ಮತ್ತಾಯನ ಸುವಾರ್ತೆಯವರು. ಎತ್ತು ಕತ್ತೆಗಳು ಯೆಶಾಯನ ಪ್ರವಾದನೆಯಿಂದ ಬಂದವು, ಒಂಟೆಗಳೂ ಅಲ್ಲಿಂದಲೇ. ಯಾವ ಗೊಂಬೆ ಯಾವ ವಚನದಿಂದ ಬಂತು ಎಂದು ತಿಳಿದುಕೊಂಡರೆ ಅದನ್ನು ಎಲ್ಲಿ ಇಡಬೇಕು, ಯಾವ ದಿನ ಇಡಬೇಕು, ಬೆಳಕು ಎಲ್ಲಿಂದ ಬೀಳಬೇಕು ಎಂಬ ಪ್ರಶ್ನೆಗಳು ತಾವಾಗಿ ಬಗೆಹರಿಯುತ್ತವೆ. ನೋಡಲು ಚೆನ್ನಾಗಿರುವ ಗೋದಲಿಗಳ ಗುಟ್ಟು ಅರ್ಧ ಇಲ್ಲೇ ಇದೆ.

ಇಲ್ಲಿ ಕೊಟ್ಟಿರುವ ಅಳತೆಗಳು ಮನೆಯ ಹಜಾರಕ್ಕೋ ಸಣ್ಣ ಚರ್ಚಿನ ಮೂಲೆಗೋ ಹೊಂದುವ, 4 ಅಡಿ ಉದ್ದ 3 ಅಡಿ ಅಗಲದ ಗೋದಲಿಯವು.

ಮೊದಲು ಅಳತೆ

ಸೆಟ್ಟುಗಳನ್ನು ನಿಂತ ಆಳಿನ ಎತ್ತರದ ಲೆಕ್ಕದಲ್ಲಿ ಮಾರುತ್ತಾರೆ: 6 ಇಂಚು, 8 ಇಂಚು, 12 ಇಂಚು. 4×3 ಅಡಿ ಹಲಗೆಗೆ 8 ಇಂಚಿನದು ಸರಿ. 12 ಇಂಚಿನದು ತಂದರೆ ಗುಡ್ಡಕ್ಕೆ ಜಾಗವೇ ಉಳಿಯುವುದಿಲ್ಲ.

ಐದೂವರೆ ಅಡಿಯ ಆಳು 8 ಇಂಚಾದರೆ ಆಗತಾನೆ ಹುಟ್ಟಿದ ಮಗು ಎರಡೂವರೆ ಇಂಚಿಗಿಂತ ಕಡಿಮೆ. ಕುರಿಯ ಭುಜ ಮೂರೂವರೆ ಇಂಚು, ಕತ್ತೆ ಐದು ಚಿಲ್ಲರೆ, ಎತ್ತು ಆರೂವರೆ, ಒಂಟೆಯ ಡುಬ್ಬ ಹತ್ತರ ಹತ್ತಿರ. ಅಂಗಡಿಯವರು ಮಾಡುವ ದೊಡ್ಡ ತಪ್ಪು ಮಗುವಿನದು. ಮುಖ ಕಾಣಲಿ ಎಂದು ನಾಲ್ಕು ಇಂಚಿನ ಮಗುವನ್ನು ಸೆಟ್ಟಿಗೆ ಸೇರಿಸಿರುತ್ತಾರೆ, ಮರಿಯ ಒಂದು ವರ್ಷದ ಕೂಸಿನ ಮುಂದೆ ಕುಳಿತಂತೆ ಕಾಣುತ್ತಾಳೆ. ಬಿಡಿಯಾಗಿ ಸಣ್ಣ ಮಗು ಸಿಕ್ಕರೆ ಅದನ್ನೇ ತನ್ನಿ. ಸಿಗದಿದ್ದರೆ ತೋಳು ಕಾಲು ಮುಚ್ಚುವಂತೆ ಬಿಳಿ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ, ಗಾತ್ರ ಕುಗ್ಗಿದಂತೆ ಕಾಣುತ್ತದೆ. ವಚನಕ್ಕೂ ಅದೇ ಸರಿ, ಲೂಕ 2:7ರಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು ಎಂದೇ ಇದೆ. ಡಿಸೆಂಬರ್ ರಾತ್ರಿಯಲ್ಲಿ ಕೈಕಾಲು ಚಾಚಿ ಬರಿಮೈಯಲ್ಲಿ ಮಲಗಿದ ಮಗು ಯುರೋಪಿನ ವರ್ಣಚಿತ್ರಕಾರರ ಕೊಡುಗೆ.

ಹಲಗೆ 12 ಮಿ.ಮೀ. ಪ್ಲೈವುಡ್ ಇರಲಿ. ನೆಲದಿಂದ ಎರಡು ಎರಡೂವರೆ ಅಡಿ ಎತ್ತರದ ಬೆಂಚಿನ ಮೇಲೆ ಇಟ್ಟರೆ ಮಕ್ಕಳ ಕಣ್ಣಿಗೂ ಎಟಕುತ್ತದೆ, ನಾಯಿ ಬೆಕ್ಕು ಅಷ್ಟು ಸುಲಭವಾಗಿ ಮೂಗು ಹಾಕುವುದಿಲ್ಲ.

ಗುಡ್ಡ

ದಸರಾ ಗೊಂಬೆ ಕೂರಿಸಿ ಅಭ್ಯಾಸವಿರುವ ಊರುಗಳಲ್ಲಿ ಗೋದಲಿಯೂ ಮೆಟ್ಟಿಲು ಮೆಟ್ಟಿಲಾಗಿ, ಎಡಬಲ ಸಮನಾಗಿ ಬಂದುಬಿಡುತ್ತದೆ. ಗೋದಲಿಗೆ ಬೇಕಾದದ್ದು ಇಳಿಜಾರು ಮತ್ತು ಒಂದು ದಾರಿ. ಹಿಂದಿನ ಎಡ ಮೂಲೆಯಲ್ಲಿ 18 ಇಂಚು ಎತ್ತರ, ಅಲ್ಲಿಂದ ಮುಂದಿನ ಬಲ ಮೂಲೆಗೆ ಬರುವಾಗ ಸಮತಟ್ಟು. ಗುಡಿಸಲನ್ನು ನಟ್ಟನಡುವೆ ಇಡಬೇಡಿ, ಮೂರರಲ್ಲಿ ಒಂದು ಪಾಲು ಬಲಕ್ಕೆ ಸರಿಸಿ. ಎಡಗಡೆ ಸಿಗುವ ಉದ್ದದ ಜಾಗ ಮುಂದೆ ಜೋಯಿಸರ ದಾರಿಗೆ ಬೇಕಾಗುತ್ತದೆ.

ಕೋಳಿಗೂಡಿನ ತಂತಿಬಲೆಯನ್ನು ಗುಡ್ಡದ ಆಕಾರಕ್ಕೆ ಬಗ್ಗಿಸಿ ಹಲಗೆಗೆ ಮೊಳೆ ಹೊಡೆಯಿರಿ. ಎರಡು ಹಳೆಯ ಗೋಣಿಚೀಲ ಬಿಚ್ಚಿ, ಅರ್ಧ ಕೆಜಿ ಫೆವಿಕಾಲ್ ಅನ್ನು ಒಂದೂವರೆ ಲೀಟರ್ ನೀರಿಗೆ ಕಲಸಿದ ದ್ರಾವಣದಲ್ಲಿ ಅದ್ದಿ, ಬಲೆಯ ಮೇಲೆ ಹೊದಿಸಿ. ಮಡಿಕೆಗಳು ಬಿದ್ದಲ್ಲಿ ಬಿಡಿ, ಅವೇ ಬಂಡೆಯ ಗೆರೆ. ಮೈದಾ ಅಂಟು ಅಗ್ಗ ನಿಜ, ಆದರೆ ಜಿರಲೆ, ಇಲಿ, ಬೂಷ್ಟು ಮೂರನ್ನೂ ಕರೆಯುತ್ತದೆ. ಪೋಸ್ಟರ್ ಅಂಟಿಸುವವರು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ, ಮಕ್ಕಳು ಕೈಯಾಡಿಸುವ ಗೋದಲಿಗೆ ಆ ವಿಷ ಬೇಡ. ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಕರಾವಳಿಯಲ್ಲಿ ಮೂರು. ಒಳಗೆ ಹಸಿ ಇರುವಾಗಲೇ ಬಣ್ಣ ಬಳಿದರೆ ಹಬ್ಬದ ಹೊತ್ತಿಗೆ ಮುಗ್ಗಲು ವಾಸನೆ ಗ್ಯಾರಂಟಿ.

ಬಣ್ಣದಲ್ಲಿ ಒಂದು ತೀರ್ಮಾನ ಮಾಡಿಕೊಳ್ಳಬೇಕು: ಊರು ಯೇಸು ಹುಟ್ಟಿದ ಬೇತ್ಲೆಹೇಮೋ, ನಮ್ಮೂರೋ? ಬೇತ್ಲೆಹೇಮ್ ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದ ಸುಣ್ಣಕಲ್ಲಿನ ಬೆಟ್ಟದ ಊರು. ಮಾಸಲು ಬಿಳಿ, ಅದರ ಮೇಲೆ ಒಣ ಬ್ರಷ್ಷಿನಲ್ಲಿ ಹಳದಿ ಮಣ್ಣಿನ ಬಣ್ಣ, ಆಲಿವ್ ಮರಕ್ಕೆ ಬೂದು ಹಸಿರು, ಇಷ್ಟೇ ಸಾಕು. ನಮ್ಮೂರಾದರೆ ಕೆಮ್ಮಣ್ಣು, ಅಡಿಕೆ ಮರ, ಬೈಹುಲ್ಲಿನ ಬಣವೆ. ಎರಡೂ ಸರಿ. 18ನೇ ಶತಮಾನದ ನೇಪಲ್ಸಿನ ಕುಶಲಕರ್ಮಿಗಳು ಯೇಸುವಿನ ಜನನವನ್ನು ತಮ್ಮ ಊರಿನ ಸಂತೆಯ ನಡುವೆಯೇ ಇಟ್ಟರು, ಮೀನು ಮಾರುವವಳು, ಹೋಟೆಲಿನವನು ಎಲ್ಲರನ್ನೂ ಸೇರಿಸಿ. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಪುಟ್ಟ ಮಣ್ಣಿನ ಗೊಂಬೆಗಳಲ್ಲೂ ಊರಿನವರೇ ಇದ್ದಾರೆ. ಕೆಡುವುದು ಬೆರಕೆಯಾದಾಗ. ತೆಂಗಿನ ಮರದ ಪಕ್ಕದ ಸೂರಿಗೆ ಹತ್ತಿ ಅಂಟಿಸಿ ಹಿಮ ಎಂದರೆ ಎರಡೂ ಊರು ಅಲ್ಲ. ಹಿಮದ ಮಾತು ಎರಡು ಸುವಾರ್ತೆಗಳ ಜನನದ ಕಥೆಯಲ್ಲೂ ಇಲ್ಲ.

ಗುಹೆಯೋ ಗುಡಿಸಲೋ

ಲೂಕನು ಗೋದಲಿಯ, ಎಂದರೆ ಮೇವಿನ ತೊಟ್ಟಿಯ, ಮಾತನ್ನು ಮೂರು ಸಲ ಹೇಳುತ್ತಾನೆ, 2:7, 12, 16ರಲ್ಲಿ. ಆದರೆ ಅದು ಕೊಟ್ಟಿಗೆಯಲ್ಲಿತ್ತು ಎಂದು ಒಮ್ಮೆಯೂ ಹೇಳುವುದಿಲ್ಲ. ದನಕ್ಕೆ ಮೇವು ಹಾಕುವ ತೊಟ್ಟಿ ಇದ್ದಮೇಲೆ ಕೊಟ್ಟಿಗೆ ಇರಲೇಬೇಕು ಎಂಬುದು ಓದುಗರ ಊಹೆ. ಗುಹೆಯ ಮಾತು ಎರಡನೇ ಶತಮಾನದಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಬರವಣಿಗೆಯಲ್ಲೂ, ಬೈಬಲ್ಲಿಗೆ ಸೇರದ ಯಾಕೋಬನ ಆದಿಸುವಾರ್ತೆಯಲ್ಲೂ ಬರುತ್ತದೆ. ಬೇತ್ಲೆಹೇಮಿನ ಜನನ ದೇವಾಲಯ ನಿಂತಿರುವುದೂ ಗುಹೆಯ ಮೇಲೆಯೇ. ಪೂರ್ವದ ಆರ್ಥೊಡಾಕ್ಸ್ ಐಕಾನುಗಳಲ್ಲಿ ಗುಹೆಯ ಕಪ್ಪು ಬಾಯಿ ತಪ್ಪದು, ಪಶ್ಚಿಮದವರಿಗೆ ಗುಡಿಸಲು. ಮೂರನೆಯ ದಾರಿಯೂ ಇದೆ, ಕುಸಿದ ಅರಮನೆಯ ಕಮಾನು. ಬಿದ್ದುಹೋದ ದಾವೀದನ ಗುಡಾರವನ್ನು ಮತ್ತೆ ಎತ್ತಿ ನಿಲ್ಲಿಸುವೆನೆಂಬ ಆಮೋಸ 9:11ರ ಮಾತನ್ನು ಇದರ ಜೊತೆ ಓದುವುದುಂಟು.

ಗುಹೆ ಮಾಡುವುದು ಸುಲಭ. ಗೋಣಿಯ ಗುಡ್ಡದಲ್ಲೇ ಬಾಯಿ ಬಿಟ್ಟು ಒಳಗೆ ಮಸಿಬಣ್ಣ ಬಳಿದರೆ ಆಯಿತು. ಗುಡಿಸಲಾದರೆ 8 ಇಂಚಿನ ಆಳಿಗೆ ಸೂರಿನ ಅಂಚು 12ರಿಂದ 13 ಇಂಚು ಎತ್ತರ, ಮುಂಭಾಗ 22ರಿಂದ 24 ಇಂಚು ಅಗಲ, ಒಳಗೆ 12 ಇಂಚು ಆಳ. ಇದಕ್ಕಿಂತ ತಗ್ಗಾದರೆ ಒಳಗಿನವರ ಮುಖ ಕತ್ತಲಲ್ಲಿ ಮುಚ್ಚಿಹೋಗುತ್ತದೆ, ಎತ್ತರವಾದರೆ ಬಸ್ ನಿಲ್ದಾಣದಂತಾಗುತ್ತದೆ. ಮಂಗಳೂರು ಹೆಂಚಿನ ಸೂರು ಬೇಕಿದ್ದರೆ ರಟ್ಟಿನ ಡಬ್ಬದ ಒಂದು ಪದರ ಸುಲಿದು, ಒಳಗಿನ ಅಲೆ ಅಲೆ ಮೈಗೆ ಕಾವಿ ಬಳಿದು, ಮುಕ್ಕಾಲು ಇಂಚಿನ ಪಟ್ಟಿಗಳಾಗಿ ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಅಂಟಿಸಿ. ಮೇಲಿನಿಂದ ಶುರು ಮಾಡಿದರೆ ಅಂಚುಗಳು ತಿರುಗುಮುರುಗಾಗುತ್ತವೆ.

ತೊಟ್ಟಿ, ಬೆಳಕು

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸ್ ಏರ್ಪಡಿಸಿದ್ದು ಗೊಂಬೆಗಳ ಪ್ರದರ್ಶನವಲ್ಲ. ಒಂದು ತೊಟ್ಟಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆ, ಅದರೆದುರು ಬಲಿಪೂಜೆ. ಇಡೀ ರಚನೆಯ ಕೇಂದ್ರ ತೊಟ್ಟಿಯೇ. ಹಾಗಾಗಿ ಅದನ್ನು ಗುಡಿಸಲಿನ ಹಿಂದಿನ ಗೋಡೆಗೆ ಒತ್ತಿ ಇಡದೆ ಹೊಸ್ತಿಲಿನಿಂದ ನಾಲ್ಕು ಇಂಚಷ್ಟೇ ಒಳಗೆ ಇಡಿ, ತಲೆಯ ಕಡೆ ಅರ್ಧ ಇಂಚು ಎತ್ತರಿಸಿ. ಎದುರು ನಿಂತವರಿಗೆ ಆಗ ಅಂಗಾಲಿನ ಬದಲು ಮುಖ ಕಾಣುತ್ತದೆ. ಕತ್ತರಿ ಕಾಲಿನ ಮರದ ತೊಟ್ಟಿ ಯುರೋಪಿನದು, ಬೇತ್ಲೆಹೇಮಿನ ನಾಡಿನ ಉತ್ಖನನಗಳಲ್ಲಿ ಸಿಗುವವು ಕಲ್ಲು ಕೊರೆದ ತೊಟ್ಟಿಗಳು. ನಾಲ್ಕು ಇಂಚು ಉದ್ದದ ಸೋಪಿನ ಡಬ್ಬಕ್ಕೆ ಮರಳು ಬೆರೆಸಿದ ಫೆವಿಕಾಲ್ ಬಳಿದರೆ ಒಳ್ಳೆಯ ಕಲ್ಲುತೊಟ್ಟಿಯಾಗುತ್ತದೆ.

ಬೈಹುಲ್ಲನ್ನು ಎರಡು ದಿನ ಬಿಸಿಲಿಗೆ ಹಾಕಿ, ಎರಡು ಇಂಚಿನ ತುಂಡುಗಳಾಗಿ ಕತ್ತರಿಸಿ. ಉದ್ದನೆಯ ಹುಲ್ಲು 8 ಇಂಚಿನ ಆಳಿನ ಪಕ್ಕ ಬಿದಿರಿನ ಗಳದಂತೆ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಚಿತ್ರಕಾರರಿಂದ ಕಲಿಯುವುದಿದೆ. 14ನೇ ಶತಮಾನದ ಸ್ವೀಡನ್ನಿನ ಸಂತ ಬ್ರಿಜಿತಾ ತನಗಾದ ದರ್ಶನದಲ್ಲಿ ಮಗುವಿನಿಂದಲೇ ಬೆಳಕು ಹೊಮ್ಮಿ ಯೋಸೇಫನ ಮೇಣದಬತ್ತಿ ಮಂಕಾಯಿತೆಂದು ಹೇಳಿದ ಮೇಲೆ ಚಿತ್ರಗಳ ಬೆಳಕೇ ಬದಲಾಯಿತು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಸುಮಾರು 1490ರ, ಚಿತ್ರಕಾರ ಗೀರ್ಟ್‌ಗೆನ್‌ನ ಪುಟ್ಟ ಚಿತ್ರದಲ್ಲಿ ಮರಿಯಳ ಮುಖ ಬೆಳಗುವುದು ತೊಟ್ಟಿಯೊಳಗಿಂದ. ಯೋಹಾನ 8:12ರ ಲೋಕದ ಬೆಳಕು ಎಂಬ ಮಾತಿಗೂ ಅದು ಒಪ್ಪುತ್ತದೆ. ಇದನ್ನು ಮನೆಯಲ್ಲಿ ಮಾಡಲು ಒಂದು ವ್ಯಾಟಿನ ಬೆಚ್ಚನೆ ಬಣ್ಣದ ಎಲ್‌ಇಡಿ ಸಾಕು. ತೊಟ್ಟಿಯ ಮುಂದಿನ ಅಂಚಿನ ಒಳಗೆ, ನೋಡುವವರಿಗೆ ಕಾಣದಂತೆ ಅಂಟಿಸಿ, ಮಗುವಿನ ಕಡೆ ತಿರುಗಿಸಿ. ಸೂರಿನಲ್ಲಿ ಬೇರೆ ಬಲ್ಬು ಹಾಕಿದರೆ ಈ ಕೆಲಸವೆಲ್ಲ ವ್ಯರ್ಥ. ಮಿಣಮಿಣ ಸೀರಿಯಲ್ ಸೆಟ್ ಗುಡಿಸಲಿನ ಒಳಗೆ ಬೇಡವೇ ಬೇಡ, ಕಣ್ಣು ಮಗುವಿನ ಮೇಲೆ ನಿಲ್ಲುವುದಿಲ್ಲ. ಹುಲ್ಲಿನ ಹತ್ತಿರ 230 ವೋಲ್ಟಿನ ತಂತಿ ಒಯ್ಯಬೇಡಿ, 5 ಅಥವಾ 12 ವೋಲ್ಟಿನ ಅಡಾಪ್ಟರ್ ಹಲಗೆಯ ಕೆಳಗಿರಲಿ, ತಂತಿಯ ಗಂಟುಗಳೂ ಹಲಗೆಯ ಕೆಳಗೇ ಇರಲಿ. ಮೇಣದಬತ್ತಿ, ಎಣ್ಣೆದೀಪ ಗೋದಲಿಯಿಂದ ಮೂರಡಿ ಆಚೆ.

ಎತ್ತು, ಕತ್ತೆ

ಎತ್ತು ತನ್ನ ಒಡೆಯನನ್ನು ಬಲ್ಲದು, ಕತ್ತೆ ತನ್ನ ಯಜಮಾನನ ಗೋದಲಿಯನ್ನು ಬಲ್ಲದು, ನನ್ನ ಜನರಿಗಾದರೋ ತಿಳಿವಿಲ್ಲ ಎಂಬುದು ಯೆಶಾಯ 1:3ರ ತಾತ್ಪರ್ಯ. ಸುವಾರ್ತೆಗಳಲ್ಲಿಲ್ಲದ ಈ ಎರಡು ಪ್ರಾಣಿಗಳು ಗೋದಲಿಗೆ ಬಂದದ್ದು ಈ ವಚನದ ಬೆನ್ನೇರಿ. ಅವು ಎಷ್ಟು ಹಳಬರೆಂದರೆ, ಮಿಲಾನಿನ ಸಂತ ಆಂಬ್ರೋಸ್ ದೇವಾಲಯದಲ್ಲಿರುವ 4ನೇ ಶತಮಾನದ ಕೊನೆಯ ಕಲ್ಲಿನ ಶವಪೆಟ್ಟಿಗೆಯ ಕೆತ್ತನೆಯಲ್ಲಿ ಮಗುವಿನ ಜೊತೆ ಇರುವುದು ಇವೆರಡೇ, ಮರಿಯಳೂ ಇಲ್ಲ, ಯೋಸೇಫನೂ ಇಲ್ಲ. ಆದ್ದರಿಂದ ಅವನ್ನು ಹಿಂದಿನ ಮೂಲೆಗೆ ತಳ್ಳಿ ಅಲಂಕಾರಕ್ಕೆ ಬಿಡಬೇಡಿ. ತೊಟ್ಟಿಯ ಹಿಂದೆ ಅಕ್ಕಪಕ್ಕ ನಿಲ್ಲಿಸಿ, ಮೂತಿ ಮಗುವಿನ ಕಡೆ. ಒಡೆಯನನ್ನು ಬಲ್ಲ ಪ್ರಾಣಿ ರಸ್ತೆಯ ಕಡೆ ನೋಡುತ್ತ ನಿಂತರೆ ವಚನವೇ ತಲೆಕೆಳಗಾದಂತೆ. ಸೆಟ್ಟಿನ ಎತ್ತು ಎತ್ತರವಾಗಿದ್ದರೆ ಮಲಗಿದ ಎತ್ತನ್ನು ಆರಿಸಿ, ಮರಿಯಳ ತಲೆಗಿಂತ ಮೇಲೆ ಕೊಂಬು ಬರಬಾರದು.

ಕುರುಬರು, ದೇವದೂತ

ಬಹಳ ಗೋದಲಿಗಳಲ್ಲಿ ದೇವದೂತ ಗುಡಿಸಲಿನ ನೆತ್ತಿಯ ಮೇಲೆ ತೂಗುತ್ತಿರುತ್ತಾನೆ. ಲೂಕ 2:9ರಲ್ಲಿ ಅವನು ಬಂದದ್ದು ಹೊಲದಲ್ಲಿ ಮಂದೆ ಕಾಯುತ್ತಿದ್ದ ಕುರುಬರ ಬಳಿಗೆ. ಹಾಗಾಗಿ ಅವನನ್ನು ಎಡಗಡೆಯ ಗುಡ್ಡದ ಮೇಲೆ, ಕುರುಬರ ತಲೆಯಿಂದ ಆರೇಳು ಇಂಚು ಎತ್ತರಕ್ಕೆ, ಸಣ್ಣ ಮೀನಿನ ದಾರದಲ್ಲಿ ಎರಡು ಕಡೆ ಕಟ್ಟಿ ತೂಗಿಸಿ. ಒಂದೇ ದಾರವಾದರೆ ಫ್ಯಾನಿನ ಗಾಳಿಗೆ ಸುತ್ತುತ್ತಲೇ ಇರುತ್ತಾನೆ. ಇಲ್ಲೊಂದು ತಂಪು ಬಿಳಿಯ ಬಲ್ಬು ಹಾಕಿದರೆ ಗುಡಿಸಲಿನ ಬೆಚ್ಚನೆ ಬೆಳಕಿಗಿಂತ ಬೇರೆಯಾಗಿ ಕಾಣುತ್ತದೆ. ದೂತರ ದಂಡು (2:13) ಬೇಕಿದ್ದರೆ ಹಿಂದಿನ ನೀಲಿ ಪರದೆಯ ಮೇಲೆ ಸಣ್ಣ ಕಾಗದದ ಆಕೃತಿಗಳು ಸಾಕು.

ಕುರಿಗಳು ಒಂದೇ ಅಚ್ಚಿನವು, ಎಲ್ಲವೂ ಎಡಕ್ಕೇ ನೋಡುತ್ತಿರುತ್ತವೆ. ಮೂರು, ಐದರ ಗುಂಪು ಮಾಡಿ, ಒಂದೊಂದನ್ನು ಒಂದೊಂದು ಕಡೆ ತಿರುಗಿಸಿ, ಎರಡನ್ನು ಹುಲ್ಲಿನಲ್ಲಿ ಕಾಲು ಮುಚ್ಚುವಂತೆ ಹೂತರೆ ಮಲಗಿದವಾಗುತ್ತವೆ. ಹೆಗಲ ಮೇಲೆ ಕುರಿ ಹೊತ್ತ ಕುರುಬ ಜನನದ ಕಥೆಯವನಲ್ಲ, ಕಳೆದ ಕುರಿಯ ಸಾಮ್ಯದವನು (ಲೂಕ 15:5). ಇದ್ದರೆ ಇರಲಿ, ಒಳ್ಳೆಯ ಅತಿಥಿ.

ಜೋಯಿಸರ ದಾರಿ

ಮತ್ತಾಯ 2ರಲ್ಲಿ ಮೂವರು ಎಂಬ ಲೆಕ್ಕವಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರಾದರು. ರೋಮಿನ ಭೂಗತ ಸಮಾಧಿಗಳ ಚಿತ್ರಗಳಲ್ಲಿ ಒಂದೆಡೆ ಇಬ್ಬರಿದ್ದಾರೆ, ದೊಮಿತಿಲ್ಲಾ ಸಮಾಧಿಯಲ್ಲಿ ನಾಲ್ವರು. ಕಿರೀಟ ಬಂದದ್ದು ಕೀರ್ತನೆ 72ರ ಅರಸರಿಂದ, ಒಂಟೆ ಬಂದದ್ದು ಯೆಶಾಯ 60:6ರಿಂದ. ರವೆನ್ನಾದ 6ನೇ ಶತಮಾನದ ಮೊಸಾಯಿಕಿನಲ್ಲಿ ಅವರಿಗೆ ಕಿರೀಟವಿಲ್ಲ, ಪರ್ಷಿಯಾದವರ ಟೊಪ್ಪಿಗೆ ಇದೆ. ಕಾಗದದ ಕಿರೀಟ ಮುರಿದುಹೋದ ಹಳೆಯ ಗೊಂಬೆಗೆ ಕೆಂಪು ಬಟ್ಟೆಯ ಚೂಪು ಟೊಪ್ಪಿಗೆ ಹೊಲಿದು ಹಾಕಬಹುದು, ತಪ್ಪೇನಿಲ್ಲ.

ಅವರು ಮರುಭೂಮಿಯಿಂದ ನೆಟ್ಟಗೆ ಬೇತ್ಲೆಹೇಮಿಗೆ ಬರಲಿಲ್ಲ. ಯೆರೂಸಲೇಮಿಗೆ ಹೋಗಿ, ಅರಸ ಹೆರೋದನನ್ನು ಕಂಡು, ಅಲ್ಲಿಂದ ಸುಮಾರು 9 ಕಿ.ಮೀ. ದಕ್ಷಿಣಕ್ಕೆ ಬಂದರು. ಎಡತುದಿಯಲ್ಲಿ ಕೋಟೆಯ ಸಣ್ಣ ಗೋಡೆಯೊಂದನ್ನು ನಿಲ್ಲಿಸಿ ದಾರಿಯನ್ನು ಅಲ್ಲಿಂದ ಎಳೆಯಿರಿ. ದಾರಿ 36 ಇಂಚು ಇದ್ದರೆ ಲೆಕ್ಕ ಸಲೀಸು. ಡಿಸೆಂಬರ್ 25ರಂದು ಕೋಟೆಯ ಬಳಿ ನಿಲ್ಲಿಸಿ, ಮರುದಿನದಿಂದ ದಿನಕ್ಕೆ ಮೂರು ಇಂಚು ಮುಂದಕ್ಕೆ ಸರಿಸಿದರೆ ಜನವರಿ 6ಕ್ಕೆ ಹೊಸ್ತಿಲು. ಜೋಯಿಸರ ಹಬ್ಬವನ್ನು ಭಾನುವಾರಕ್ಕೆ ಹಾಕುವ ಧರ್ಮಪ್ರಾಂತ್ಯಗಳಲ್ಲಿ ಉಳಿದ ದಿನಗಳಿಗೆ ಭಾಗಿಸಿಕೊಳ್ಳಿ. ಸರಿಸುವ ಕೆಲಸ ಮಕ್ಕಳಿಗೆ ಬಿಡಿ, ಬಿಟ್ಟರೂ ಬಿಡದಿದ್ದರೂ ಅವರೇ ಮಾಡುತ್ತಾರೆ.

ಒಂದು ತೊಡಕು: ಸೆಟ್ಟಿನ ಒಬ್ಬ ಜೋಯಿಸ ಮಂಡಿಯೂರಿ ಕುಳಿತಿರುತ್ತಾನೆ. ಮಂಡಿಯೂರಿದವನು ದಾರಿ ನಡೆಯಲಾರ. ಅವನನ್ನು ಪೆಟ್ಟಿಗೆಯಲ್ಲೇ ಇಟ್ಟು, ಜನವರಿ 6ರವರೆಗೆ ಅವನ ಬದಲು ಒಂಟೆಯೊಂದನ್ನೇ ನಡೆಸಿ. ಮಂಡಿಯೂರಿದ ಕುರುಬನಿಗೂ ಇದೇ ನಿಯಮ, 24ರ ಮಧ್ಯರಾತ್ರಿಗೆ ಮುಂಚೆ ಅವನಿಗೆ ಕೆಲಸವಿಲ್ಲ. ಜೋಯಿಸರು ಒಳಬರುವ ದಿನ ಕುರುಬರನ್ನು ಗುಡ್ಡಕ್ಕೆ ಕಳಿಸಿಬಿಡಿ, ಲೂಕ 2:20ರಲ್ಲಿ ಅವರು ಹಿಂದಿರುಗಿ ಹೋಗಿಯಾಗಿದೆ. ಗುಡಿಸಲಿನಲ್ಲಿ ಜಾಗವೂ ಆಗುತ್ತದೆ. ನಕ್ಷತ್ರವೂ ಜೋಯಿಸರದೇ, ಕುರುಬರಿಗೆ ಅದು ಕಂಡಂತೆ ಎಲ್ಲೂ ಇಲ್ಲ. ಪಡುವಾದ ಸ್ಕ್ರೋವೆಞಿ ಚಾಪೆಲ್ಲಿನಲ್ಲಿ ಸುಮಾರು 1305ರಲ್ಲಿ ಜೊತ್ತೊ ಅದನ್ನು ಬಾಲವಿರುವ ಧೂಮಕೇತುವಾಗಿ ಬರೆದ, ಹ್ಯಾಲಿ ಧೂಮಕೇತು 1301ರಲ್ಲಿ ಕಾಣಿಸಿಕೊಂಡಿತ್ತು. ಬಾಲವಿದ್ದ ನಕ್ಷತ್ರ ತಂದರೆ ಬಾಲ ಕೋಟೆಯ ಕಡೆಗೆ, ತಲೆ ಗುಡಿಸಲಿನ ಕಡೆಗೆ.

ಹಸಿರು ಬೆಳೆಸುವುದು

ಕಾಡಿನ ಪಾಚಿ ಕಿತ್ತು ತರಬೇಡಿ, ಬಂಡೆಯ ಮೇಲೆ ಅದು ಮತ್ತೆ ಹಬ್ಬಲು ವರ್ಷಗಳು ಬೇಕು. ಒಂದು ಅಡಿಗೆ ಒಂದೂವರೆ ಅಡಿಯ ತಟ್ಟೆಗೆ 30 ಗ್ರಾಂ ರಾಗಿ ಅಥವಾ 150 ಗ್ರಾಂ ಭತ್ತ ಸಾಕು. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒಂದು ದಿನ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದದ್ದನ್ನು ಒಂದು ಇಂಚು ಮಣ್ಣು ಅಥವಾ ತೆಂಗಿನ ನಾರಿನ ಪುಡಿಯ ಮೇಲೆ ಹರಡಿ. ಭತ್ತಕ್ಕೆ ನೆನೆಸುವುದೂ ಒಂದು ದಿನ, ಕಟ್ಟುವುದು ಒಂದೂವರೆ ದಿನ. ಎರಡು ಮೂರು ಇಂಚಿನ ಹಸಿರಿಗೆ ರಾಗಿಯನ್ನು ಡಿಸೆಂಬರ್ 13ರ ಹೊತ್ತಿಗೆ, ಭತ್ತವನ್ನು 11ರ ಹೊತ್ತಿಗೆ ಚೆಲ್ಲಬೇಕು. ಬೆಂಗಳೂರು, ಕೊಡಗಿನ ಚಳಿಯಲ್ಲಿ ಇನ್ನೂ ಮೂರು ನಾಲ್ಕು ದಿನ ಮುಂಚೆ. ಮನೆಯೊಳಗೆ ಕತ್ತಲಲ್ಲಿ ಬೆಳೆಸಿದರೆ ಹಳದಿಯಾಗಿ, ಸಪೂರಾಗಿ, ಮೂರನೇ ದಿನ ಮಲಗಿಬಿಡುತ್ತದೆ. ದಿನಕ್ಕೆ ನಾಲ್ಕು ಗಂಟೆ ಬಿಸಿಲು ಕಾಣಿಸಿ. ನೀರನ್ನು ಸುರಿಯಬೇಡಿ, ಸಿಂಪಡಿಸಿ.

ಇಲ್ಲೇ ಹೆಚ್ಚಿನ ಗೊಂಬೆಗಳು ಹಾಳಾಗುವುದು. ಪ್ಲಾಸ್ಟರ್ ಗೊಂಬೆಯ ತಳ ಬಣ್ಣ ಕಾಣದ್ದು, ಹಸಿ ಮಣ್ಣಿನ ಮೇಲೆ ನಿಂತರೆ ನೀರು ಹೀರಿ, ವಾರದೊಳಗೆ ಕಾಲಿನ ಬಣ್ಣ ಹೊಪ್ಪಳಿಕೆಯಾಗಿ ಏಳುತ್ತದೆ. ಹೊಸ ಸೆಟ್ ತಂದ ದಿನವೇ ತಳಕ್ಕೆ ಎರಡು ಕೋಟ್ ವಾರ್ನಿಷ್ ಹೊಡೆಯಿರಿ, ಹಸಿರಿನ ನಡುವೆ ನಿಲ್ಲಿಸುವಾಗ ಕೆಳಗೆ ಚಪ್ಪಟೆ ಕಲ್ಲು ಕೊಡಿ.

ಯಾವ ದಿನ ಏನು

ಆಗಮನ ಕಾಲದ (ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಮೊದಲ ಭಾನುವಾರ ಮನೆಯ ಹೊರಗೆ ನಕ್ಷತ್ರ, ಆ ವಾರ ಗುಡ್ಡ. ಮೂರನೇ ವಾರದ ಹೊತ್ತಿಗೆ ಗುಡಿಸಲು, ಪ್ರಾಣಿಗಳು, ಗುಡ್ಡದ ಮೇಲೆ ಕುರುಬರು, ಖಾಲಿ ತೊಟ್ಟಿ. 24ರ ಸಂಜೆ ಮರಿಯ, ಯೋಸೇಫ. ಮಗು ಮಧ್ಯರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ. ನಿಂತ ಕುರುಬರಲ್ಲಿ ಒಬ್ಬನನ್ನು ಮಂದೆಯ ಬಳಿ ಬಿಟ್ಟು ಉಳಿದವರನ್ನು 25ರ ಬೆಳಿಗ್ಗೆ ಗುಡಿಸಲಿಗೆ ತನ್ನಿ. ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದ ನಂತರ ಬಿಚ್ಚುವುದು ವಾಡಿಕೆ. ಕೆಲವು ಕಡೆ ಶಿಶುವನ್ನು ದೇವಾಲಯಕ್ಕೆ ಒಯ್ದ ನೆನಪಿನ ಫೆಬ್ರವರಿ 2ರವರೆಗೂ ಇಡುತ್ತಾರೆ, ಆದರೆ ಅಷ್ಟು ದಿನ ರಾಗಿಯ ಹಸಿರು ನಿಲ್ಲದು.

ಬಿಚ್ಚುವಾಗ ಗೊಂಬೆಗಳನ್ನು ದಿನಪತ್ರಿಕೆಯಲ್ಲಿ ಸುತ್ತಬೇಡಿ, ಮಳೆಗಾಲದ ತೇವಕ್ಕೆ ಮಸಿ ಬಿಟ್ಟು ಮರಿಯಳ ಬಿಳಿ ಮುಸುಕಿಗೆ ಅಂಟುತ್ತದೆ. ಹಳೆಯ ಪಂಚೆಯ ತುಂಡು ಒಳ್ಳೆಯದು. ಬೈಹುಲ್ಲನ್ನು ಪೆಟ್ಟಿಗೆಗೆ ತುಂಬಿದರೆ ಹುಳ ಸೇರುತ್ತದೆ, ಅದನ್ನು ದನಕ್ಕೆ ಹಾಕಿ. ಮೊದಲು ಮುರಿಯುವುದು ಕತ್ತೆಯ ಕಿವಿ, ಆಮೇಲೆ ದೇವದೂತನ ಬೆರಳು. ತುಂಡನ್ನು ಎಸೆಯದೆ ಅದೇ ಬಟ್ಟೆಯಲ್ಲಿ ಕಟ್ಟಿಡಿ. ಅರಾಲ್ಡೈಟ್ ಹಚ್ಚಿ ಒಂದು ರಾತ್ರಿ ಬಿಟ್ಟು, ಸಂದಿಗೆ ವಾಲ್ ಪುಟ್ಟಿ ತುಂಬಿ, ಪುಟ್ಟಿ ಪೂರ್ತಿ ಒಣಗಿದ ಮೇಲೆ 220ನೇ ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ, ಅಕ್ರಿಲಿಕ್ ಬಣ್ಣ ಹಚ್ಚಿ.